ಎರಡು ಬೆರಳಿನ ಸಂದು

ಎಂಜಿನ್ ಆಯಿಲಿನ ವಾಸನೆ ಬಂದರೆ ಈಗಲೂ ನಾನು ಜಯನಗರದ ನಮ್ಮ ಹಳೆಯ ಮನೆಯಂಗಳದಲ್ಲಿ ನಿಂತಿರುತ್ತೇನೆ.

ನನಗಾಗ ಎಂಟು ವರ್ಷ. ನನ್ನ ಸೋದರತ್ತೆ ಡಾಕ್ಟರು. ಹೆರಿಗೆ ಮಾಡಿಸಲು ಹುಳಿಮಾವಿನ ತನಕ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಆ ಕಾರಿನ ಎಂಜಿನ್ ಕೆಟ್ಟು, ಬೇರೆ ಕಂಪನಿಯ ಕಾರಿನ ಎಂಜಿನ್ ಒಂದನ್ನು ತರಿಸಿದ್ದರು. ಆದರೆ ಅದರ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ಚೇಂಬರ್ ಮುಂದಿನ ಆಕ್ಸಲ್‌ಗೆ ತಗುಲುತ್ತಿತ್ತು. ಮೆಕ್ಯಾನಿಕ್ ಸಾಬರು ಅದೇ ಎಂಜಿನ್ನಿಗೆ ಕೂರುವ ಇನ್ನೆರಡು ಚೇಂಬರ್ ಹುಡುಕಿ ತಂದರು.

"ಹಳ್ಳದಲ್ಲಿ ಗಾಡಿ ಕುಕ್ಕಿದ್ರೆ ಇದು ಒಡೆದು ಎಣ್ಣೆಯೆಲ್ಲ ಸೋರಿಹೋಗುತ್ತೆ ಡಾಕ್ಟ್ರಮ್ಮ. ಎರಡು ಬೆರಳು ಸಂದು ಇರ್ಲೇಬೇಕು," ಎಂದವರು ನನ್ನತ್ತ ತಿರುಗಿ, "ಪಾಪು, ಒಳಗಿಂದ ಒಂದುಂಡೆ ಚಪಾತಿ ಹಿಟ್ಟು ತಗೊಂಬಾ," ಎಂದರು.

ಹಿಟ್ಟನ್ನು ಆಕ್ಸಲ್ ಮೇಲಿಟ್ಟು, ಮರದ ಕೊಂಬೆಗೆ ಸರಪಳಿಯಲ್ಲಿ ತೂಗುಬಿಟ್ಟಿದ್ದ ಎಂಜಿನ್ನನ್ನು ಮೆಲ್ಲಗೆ ಇಳಿಸಿ ಮತ್ತೆ ಎತ್ತಿದರು. ಮೊದಲನೆಯ ಚೇಂಬರಿಗೆ ಹಿಟ್ಟು ಹಪ್ಪಳದಂತಾಯಿತು. ಆಕ್ಸಲ್ ಮೇಲೆ ಬರುವ ಮುಂಭಾಗ ತೆಳ್ಳಗಿದ್ದು ಹಿಂಬದಿಯಲ್ಲಷ್ಟೇ ಆಳವಿದ್ದ ಎರಡನೆಯದಕ್ಕೆ ಸರಿಯಾಗಿ ಎರಡು ಬೆರಳು ದಪ್ಪ ಉಳಿಯಿತು. ಕಣ್ಣಿಗೇ ಕಾಣದ ಆ ಕತ್ತಲ ಸಂದನ್ನು ನಮ್ಮ ಅಡುಗೆಮನೆಯ ಹಿಟ್ಟು ಬೆಳಕಿಗೆ ತಂದಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಮರುದಿನ ಮಧ್ಯಾಹ್ನ ಎಂಜಿನ್ ಕೂರಿಸಿ ಮುಗಿಸುವಷ್ಟರಲ್ಲಿ ಹುಳಿಮಾವಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. "ಅಮ್ಮಾ, ನಮ್ಮೋಳಿಗೆ ಬೆಳಿಗ್ಗೆಯಿಂದ ನೋವು!"

ಅತ್ತೆ ಸಾಬರ ಮುಖ ನೋಡಿದರು.

"ಹೋಗಿ ಬನ್ನಿ," ಎಂದರು ಸಾಬರು.

ದೀಪ ಹಚ್ಚುವ ಹೊತ್ತಿಗೆ ಕಾರು ವಾಪಸ್ ಬಂತು. ಮನೆಗೆ ಹೋಗದೆ ಗೇಟಿನ ಬಳಿಯೇ ಕೂತಿದ್ದ ಸಾಬರು ಎದ್ದು ನಿಂತರು. ಗಾಡಿಯ ಮಾತೇ ಎತ್ತಲಿಲ್ಲ.

"ಮಗು ಹೇಗಿದೆ ಡಾಕ್ಟ್ರಮ್ಮ?" ಎಂದು ಕೇಳಿದರು.