ಜೋಗದ ದಾರಿಯಲ್ಲಿ ಹೆಣ್ಣು ನೋಡಿದ್ದು

"ಕಲ್ಲು ಜಾರತಾವ, ಈ ಟವೆಲ್ ತುದಿ ಹಿಡ್ಕೊಳ್ರಿ" ಎಂದವನು ತನ್ನನ್ನು ನೋಡಲು ಬಂದ ಗಂಡು ಎಂಬುದು ಭಾಗ್ಯಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಗುಡ್ಡವನ್ನೇ ಹತ್ತುವುದಿಲ್ಲವೆಂದು ಅತ್ತಿಗೆ ಸುಮಲತಾ ತನ್ನ ಬಾಯಿ ಹೊಲಿದುಕೊಂಡಿದ್ದಳು. ಮನೆಗೆ ಕರೆಸಿ, ಉಪ್ಪಿಟ್ಟು ತಿನ್ನಿಸಿ, ಆಮೇಲೆ ಒಲ್ಲೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಮಳೆಗಾಲದಲ್ಲಿ ಮಾತ್ರ ಗುಡ್ಡದಿಂದ ಧುಮುಕುವ ನೀರಿಗೆ ಚಿಗಟೇರಿ ಕಡೆಯವರು ಜೋಗ ಎನ್ನುತ್ತಿದ್ದರು. ಶ್ರಾವಣದಲ್ಲಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವವರೇ. ಅಲ್ಲಿಯೇ ಅಕಸ್ಮಾತ್ ಸಿಕ್ಕಂತಾಗಲಿ ಎಂದು ಎರಡೂ ಕಡೆಯ ಹಿರಿಯರು ಮಾತಾಡಿಕೊಂಡಿದ್ದರು.

ಸುಮಲತಾ ಮೊಣಕಾಲು ನೋವೆಂದು ಬೇಕಂತಲೇ ಹಿಂದುಳಿದಳು. ಟವೆಲ್ ತುದಿ ಕೊಟ್ಟ ಬಸವೇಶ್ ದಾರಿಯುದ್ದಕ್ಕೂ ಮಾತಾಡಿದ. ಹೋದ ವರ್ಷ ಕೋತಿಯೊಂದು ತನ್ನ ಬುತ್ತಿ ಕಿತ್ತುಕೊಂಡು, ಉಪ್ಪಿನಕಾಯಿ ನೆಕ್ಕಿ, ಅದನ್ನಷ್ಟೇ ವಾಪಸು ಎಸೆದದ್ದನ್ನು ಹೇಳಿದಾಗ ಭಾಗ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಊರು ಯಾವುದೆಂದರೆ ಮಾತ್ರ "ಇಲ್ಲೇ ಬದಿಯಾಗ" ಎಂದ.

ನೀರಿನೆದುರು ಕೂತು ಅವನಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಗುರುತಿಲ್ಲದವರ ಮುಂದೆ ಮನಸ್ಸು ಬಿಚ್ಚುವುದು ಸುಲಭ.

"ಕೊಟ್ಟೂರಿನ ಒಂದು ಗಂಡು ನೋಡ್ಯಾರ್ರಿ ನನಗ. ಮಂಡಕ್ಕಿ ಭಟ್ಟಿ ಐತಂತ. ಮಾತಾಡಿದ್ರ ಮುತ್ತು ಉದುರತಾವೇನೋ, ಬಾಯೇ ಬಿಡಂಗಿಲ್ಲಂತ. ಅಂಥವನ ಕೂಡ ಬಾಳೇವು ಮಾಡೋದು ಹೆಂಗ್ರಿ?"

"ಒಲ್ಲೆ ಅನ್ರಿ ಮತ್ತ."

"ನಾ ಅಂದ್ರ ನಮ್ಮಪ್ಪ ಕೇಳಂಗಿಲ್ಲ. ಅವನಾಗೇ ಒಲ್ಲೆ ಅಂದ್ರ ನಾ ಉಳಕೊಂತೀನಿ."

ಅರ್ಧ ರೊಟ್ಟಿ ಬಸವೇಶನ ಕೈಯಲ್ಲೇ ಉಳಿಯಿತು. "ಆಗಲಿ" ಎಂದು ಎದ್ದು ಹೋದ.

ಗುಡ್ಡ ಇಳಿಯುವಾಗ ಸುಮಲತಾಳ ಮುಖ ಸಪ್ಪಗಿತ್ತು.

"ಹುಡುಗ ಒಲ್ಲೆ ಅಂದಾನ."

"ಯಾವ ಹುಡುಗ?"

"ನಿನ್ನ ಕೂಡ ರೊಟ್ಟಿ ತಿಂದನಲ್ಲ, ಅವನೇ. ಕೊಟ್ಟೂರಿನಾವ. ನಮ್ಮ ಹುಡುಗಿಗೆ ಏನು ಕಮ್ಮಿ ಆಗೈತಿ ಅಂತ ಎಷ್ಟು ಕೇಳಿದ್ರೂ ತಲಿ ತಗ್ಗಿಸಿ ನಿಂತಿದ್ದ."

ಭಾಗ್ಯ ತಿರುಗಿ ಕೆಳಗಿನ ದಾರಿ ನೋಡಿದಳು. ಇಷ್ಟು ದಿನದಲ್ಲಿ ಯಾರ ಮಾತಿಗೂ ಅವಳು ಹಾಗೆ ನಕ್ಕಿರಲಿಲ್ಲ. ಕೆಳಗೆ ಗಂಡಿನ ಕಡೆಯವರ ಟ್ರ್ಯಾಕ್ಸ್ ಗಾಡಿ ಹೊರಟಿತ್ತು.

"ಅತ್ತಿಗಿ, ಇನ್ನೊಂದು ಸಲ ಕೇಳಿ ಕಳಸ್ರಿ."

"ಒಲ್ಲೆ ಅಂದವರ ಬಾಗಿಲಿಗೆ ಹೆಣ್ಣಿನವರು ಹೆಂಗ ಹೋಗೋದವ್ವ? ಜನ ಏನಂದಾರು? ಬಿಡು, ಅವನಿಗೆ ಪುಣ್ಯ ಇಲ್ಲ, ಸೊಕ್ಕಿನಾವ."

"ಬೈಬ್ಯಾಡ್ರಿ" ಎಂದಳು ಭಾಗ್ಯ. "ಒಲ್ಲೆ ಅಂದಾಕಿ ನಾನು. ಅವರು ನನ್ನ ಮಾತು ನಡಿಸ್ಯಾರ."