ಆರು ತಿಂಗಳ ಮುಳ್ಳು

ಬಡಗಿ ಕಾಳಪ್ಪನನ್ನು ಮೇಸ್ತ್ರಿ ಸೋಮಯ್ಯನೇ ಬೈದು ಬೈದು ಕೊಂದ. ಶ್ರೀರಂಗಪಟ್ಟಣದ ಛತ್ರದ ಬೀದಿಯಲ್ಲಿ ಈ ಬಗ್ಗೆ ಎರಡು ಮಾತಿರಲಿಲ್ಲ. ಕಿವಿಯಾರೆ ಕೇಳಿದವರೇ ಹತ್ತು ಜನ ಇದ್ದರು.

ಕೇಳಿದ್ದು ಬುಧವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ. ಸೋಮಯ್ಯ ಛತ್ರದೊಳಗೆ ನಿಂತು ಬೀದಿ ಹಾರಿ ಹೋಗುವಂತೆ ಕೂಗುತ್ತಿದ್ದ.

"ಏಳ್ಲಾ ಕಾಳಪ್ಪ! ಜ್ವರಾಂತ ಎಷ್ಟು ದಿನ ಬಿದ್ಕೊಂಡಿರ್ತೀಯ? ಜಾಗ ಖಾಲಿ ಮಾಡ್ಲಾ!"

ಕಾಳಪ್ಪನ ಉತ್ತರ ಯಾರಿಗೂ ಕೇಳಿಸಲಿಲ್ಲ. ಅವನದು ಮೊದಲೇ ಮೆಲುದನಿ. ಗುರುವಾರ ಬೆಳಗಾಗುತ್ತಲೇ ಸೋಮಯ್ಯ ಎದುರಿನ ಕಾಫಿ ಅಂಗಡಿಯ ಮಂಚಮ್ಮನ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ಓಗ್ಬುಟ್ಟ ಕಣವ್ವ. ಈಗ್ತಾನೆ."

ಜಗಳವೆಲ್ಲ ಆ ಛತ್ರದ್ದು. ಹೊಳೆಯ ದಾರಿಯಲ್ಲಿ ಇನ್ನೂರು ವರ್ಷದಿಂದ ನಿಂತ ಕಟ್ಟಡ, ಒಳಗೆ ಹದಿನಾರು ಮರದ ಕಂಬ. ವಾರಸುದಾರರು ಅದನ್ನು ಕಂಟ್ರಾಕ್ಟರ್ ಶಿವಶಂಕರನಿಗೆ ಮಾರಿ ಕೈತೊಳೆದುಕೊಂಡಿದ್ದರು. ಅದನ್ನು ಕೆಡವಿ ಟೂರಿಸ್ಟ್ ಬಸ್ಸಿನವರಿಗೆ ಮೂರಂತಸ್ತಿನ ಲಾಡ್ಜು ಕಟ್ಟುವುದು ಅವನ ಲೆಕ್ಕಾಚಾರ. ತೊಂಬತ್ತೈದನೇ ಇಸವಿಯ ಚಳಿಗಾಲವದು. ಊರಲ್ಲಿ ಹಳೆಯದೆಲ್ಲ ಹೀಗೇ ಉರುಳುತ್ತಿತ್ತು, ಚಿನಕುರಳಿಯ ಜಲ್ಲಿ ಲಾರಿಗಳಿಗೆ ಬಿಡುವೇ ಇರಲಿಲ್ಲ.

ಕಾಳಪ್ಪ ಇಪ್ಪತ್ತು ವರ್ಷದಿಂದ ಛತ್ರದ ಹಿಂದಿನ ಕೋಣೆಯಲ್ಲಿದ್ದ. ಹಿಂದಿಲ್ಲ ಮುಂದಿಲ್ಲದ ಒಂಟಿ ಜೀವ. ಗೆದ್ದಲು ತಿಂದ ಕಂಬಗಳಿಗೆ ಯಾರೂ ಹೇಳದೆ, ಯಾರೂ ಕೇಳದೆ ಹೊಸ ಮರ ಕೂಡಿಸುತ್ತಿದ್ದ. ಮಾರಾಟದ ಸುದ್ದಿ ಬಂದಾಗ ಮೈಸೂರಿನ ಪುರಾತತ್ವ ಇಲಾಖೆಗೆ ತಾನೇ ಅರ್ಜಿ ಬರೆದ. ಸುನಿತಾ ಎಂಬ ಅಧಿಕಾರಿ ಬಂದು ಕಂಬ ಅಳೆದು ಫೋಟೋ ಹಿಡಿದುಕೊಂಡು ಹೋಗಿದ್ದಳು.

"ಇದನ್ನ ಉಳಿಸ್ಲೇಬೇಕು. ಆದ್ರೆ ಆದೇಶ ಬರೋಕೆ ನಾಲ್ಕೈದು ತಿಂಗಳಾಗುತ್ತೆ. ಅಲ್ಲೀವರೆಗೆ ಕಟ್ಟಡ ನಿಂತಿರ್ಬೇಕಲ್ಲ ಯಜಮಾನ್ರೇ" ಎಂದಿದ್ದಳು.

ನಾಲ್ಕೈದು ತಿಂಗಳೆಲ್ಲಿ ಬಂತು? ಶಿವಶಂಕರ ಶನಿವಾರವೇ ಗುದ್ದಲಿ ಹಾಕಿಸುವವನಿದ್ದ. ಅಷ್ಟರೊಳಗೆ ಮುದುಕನನ್ನು ಹೊರಗೆ ಹಾಕುವ ಕೆಲಸ ಅವನ ಮೇಸ್ತ್ರಿ ಸೋಮಯ್ಯನದು.

ಸೋಮಯ್ಯ ನಾಗಮಂಗಲದ ಕಡೆಯವನು. ಹೆಂಡತಿ ಸತ್ತು ಹನ್ನೆರಡು ವರ್ಷ, ಮಕ್ಕಳಿಲ್ಲ. ಒಂದು ತಿಂಗಳಿಂದ ದಿನವೂ ಬರುತ್ತಿದ್ದ. ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಬೈಯುವುದು, ಆಮೇಲೆ ಮಂಚಮ್ಮನ ಹತ್ತಿರ ಎರಡು ಲೋಟ ಕಾಫಿ ಹಿಡಿದು ಒಳಗೆ ಹೋಗಿ ಗಂಟೆಗಟ್ಟಲೆ ಕೂರುವುದು.

"ಬಯ್ಯೋಕೂ ಕಾಫಿ ಬೇಕೇನಯ್ಯ?" ಎಂದು ಮಂಚಮ್ಮ ಕೆಣಕಿದರೆ, "ಗಂಟ್ಲು ಒಣಗ್ತದೆ ಕಣವ್ವ" ಎನ್ನುತ್ತಿದ್ದ.

ಊರಿಗೆಲ್ಲ ಅವನು ಬರೀ ಮೇಸ್ತ್ರಿ. ಹೆಸರು ಹಿಡಿದು ಕರೆಯುತ್ತಿದ್ದವನು ಕಾಳಪ್ಪನೊಬ್ಬನೇ. ಮಂಗಳವಾರ ಜ್ವರ ಏರಿದಾಗಲೂ ಹಾಗೆಯೇ ಕರೆದಿದ್ದ.

"ನಾನಿಲ್ದಿದ್ರೂ ಇದು ನಾಕೈದು ತಿಂಗ್ಳು ನಿಂತಿರಂಗೆ ನೋಡ್ಕಳ್ಲಾ ಸೋಮಯ್ಯ."

"ನನ್ ಕೈಲಿ ಏನದೆ ಕಾಳಪ್ಪ? ನಾನು ಕೆಡವೋನು" ಎಂದಿದ್ದ ಸೋಮಯ್ಯ. ಹಾಗೆ ಹೇಳಿ ಹೊರಗೆ ಬಂದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಸೋಮಯ್ಯ ಕಾಫಿ ಹಿಡಿದು ಒಳಗೆ ಹೋದ. ಮಧ್ಯಾಹ್ನ ಮಂಚಮ್ಮ ಗಂಜಿ ತಂದರೆ ಬಾಗಿಲಲ್ಲೇ ಇಸಿದುಕೊಂಡ. "ಮಲ್ಗವ್ನೆ, ಎಬ್ಬುಸ್ಬೇಡ" ಎಂದ. ಆಮೇಲೆ ಬಾಗಿಲಿಗೆ ಬೀಗ ಹಾಕಿ ಜೋಯಿಸರ ಮನೆಗೆ ಹೋಗಿ ಬಂದ.

"ಪಂಚಕ ಯಾವಾಗ್ಲಿಂದ ಬುದ್ದಿ?"

"ನಾಳೆ ಬೆಳಗಿನ ಜಾವದಿಂದ, ಐದು ದಿನ. ಕೆಡವೋ ಕೆಲಸಕ್ಕೇನಯ್ಯ? ಶನಿವಾರ ಬೇಡ ಅಂತ ನಿಮ್ಮ ಧಣಿಗೆ ಹೇಳು."

ಸೋಮಯ್ಯ ತಲೆಯಾಡಿಸಿದ. ಸಂಜೆ ಬೀದಿ ಕೇಳಿದ್ದು ಆ ಬೈಗುಳ.

ಗುರುವಾರ ಜನ ಸೇರಿದರು. ಮಂಚಮ್ಮ ಕಾಳಪ್ಪನ ಕಾಲು ಮುಟ್ಟಿ ಬೆಚ್ಚಿದಳು.

"ಈಗ್ತಾನೆ ಅಂತೀಯ, ಇಂಗೆ ಸೆಟ್ಕಂಡದಲ್ಲಾ?"

"ಚಳಿ ಕಣವ್ವ. ಕಲ್ಲಿನ ನೆಲ."

ಅಷ್ಟರಲ್ಲಿ ಜೋಯಿಸರು ಪಂಚಾಂಗ ಮಡಚಿ, ಪಂಚಕದ ಸಾವು ಎಂದರು. ಇನ್ನೇನು ಕೇಳುವುದಿದೆ? ಪಂಚಕದಲ್ಲಿ ಹೆಣ ಬಿದ್ದ ಮನೆಯನ್ನು ಆರು ತಿಂಗಳು ಬಿಡಬೇಕು. ಸ್ವಂತದ್ದೋ ಬಾಡಿಗೆಯದೋ ಛತ್ರವೋ, ದೋಷಕ್ಕೆ ಭೇದವಿಲ್ಲ. ಪಶ್ಚಿಮವಾಹಿನಿಯಲ್ಲಿ ಸಂಸ್ಕಾರ ಮುಗಿಸಿ ಬಂದವರು ಛತ್ರದ ಬಾಗಿಲಿಗೆ ಜಾಲಿಮುಳ್ಳು ಜಡಿದರು.

ಶನಿವಾರ ಬಂದ ಆಳುಗಳು ಮುಳ್ಳು ನೋಡಿ ಗುದ್ದಲಿ ಹೆಗಲಿಗೇರಿಸಿ ವಾಪಸಾದರು. ಶಿವಶಂಕರನಿಗೂ ಮುಳ್ಳು ಕೀಳುವ ಧೈರ್ಯವಿರಲಿಲ್ಲ. ಮಗಳ ಮದುವೆ ಗೊತ್ತಾಗಿತ್ತು. ಸಿಟ್ಟೆಲ್ಲ ಸೋಮಯ್ಯನ ಮೇಲೆ ತಿರುಗಿತು.

"ಒಂದೇ ಒಂದಿನ ಮೊದ್ಲು ಸತ್ತಿದ್ರೆ ನಾನು ಗೆದ್ದಿದ್ದೆ ಕಣೋ! ನಿನ್ನ ಬಾಯಿಗಿಷ್ಟು ಬೆಂಕಿ ಹಾಕ!"

ಕೆಲಸ ಹೋಯಿತು. ಕೊಲೆಗಡುಕನಿಗೆ ಲೋಟ ಕೊಡುವುದಿಲ್ಲವೆಂದು ಮಂಚಮ್ಮ ಕಾಫಿ ನಿಲ್ಲಿಸಿದಳು. ಎದುರಾದವರು ಮುಖ ತಿರುಗಿಸಿದರು. ಆದರೂ ಸೋಮಯ್ಯ ದಿನವೂ ಬಂದು ಛತ್ರದೆದುರಿನ ಕಟ್ಟೆಯ ಮೇಲೆ ಒಬ್ಬನೇ ಕೂರುತ್ತಿದ್ದ. ಅವನಿಗೆ ಹೋಗಲು ಬೇರೆ ಮನೆಯಿರಲಿಲ್ಲ, ಮಾತಾಡಲು ಬೇರೆ ಮನುಷ್ಯನೂ ಇರಲಿಲ್ಲ.

ಐದನೇ ತಿಂಗಳಿಗೆ ಆದೇಶ ಬಂತು. ಸುನಿತಾ ನಿಂತು ಬೋರ್ಡು ಹೊಡೆಸಿದಳು. ಛತ್ರವನ್ನಿನ್ನು ಯಾರೂ ಕೆಡವುವಂತಿಲ್ಲ. "ಸತ್ತೂ ಗೆದ್ದ ಕಣಯ್ಯ ಕಾಳಪ್ಪ" ಎಂದು ಬೀದಿಯೆಲ್ಲ ಮಾತಾಡಿಕೊಂಡಿತು. ಮಂಚಮ್ಮ ಕಟ್ಟೆಯ ಹತ್ತಿರ ಬಂದಳು, ಇಷ್ಟು ದಿನ ನುಂಗಿಕೊಂಡದ್ದನ್ನು ಉಗುಳಲು.

"ಸಾಯೋ ಜೀವಕ್ಕೆ ಕೊನೇದಾಗಿ ಆಡೋ ಮಾತೇನಯ್ಯ ಅದು?"

"ಅಲ್ಲ ಕಣವ್ವ" ಎಂದ ಸೋಮಯ್ಯ. ಅವಳು ಮುಂದಿನ ಮಾತಿಗೆ ಕಾಯದೆ ಅಂಗಡಿಗೆ ತಿರುಗಿದಳು.

ಆ ಬುಧವಾರ ಸಂಜೆ ಅವನು ಜಾಗ ಖಾಲಿ ಮಾಡ್ಲಾ ಎಂದು ಬೀದಿಗೆ ಕೇಳುವಂತೆ ಕೂಗುವ ಹೊತ್ತಿಗೆ, ಕಾಳಪ್ಪ ಸತ್ತು ಎಂಟು ಗಂಟೆಯಾಗಿತ್ತು.