ಬೇವಿನ ಟೊಂಗೆ

ಪಕ್ಕದ ತೂತಿನಲ್ಲಿದ್ದ ವೈರನ್ನು ಕಿತ್ತು ಸರಿಯಾದ ತೂತಿಗೆ ಸಿಕ್ಕಿಸಿದ್ದೇ ತಡ, ಬೆಳಗಿನಿಂದ ಕೆಂಪಗಿದ್ದ ರೌಟರಿನ ದೀಪ ಹಸಿರಾಯಿತು. ಮಲ್ಲಿನಾಥನಿಗೆ ಖುಷಿಯಾಗಲಿಲ್ಲ. ರೌಟರಿನ ನೆತ್ತಿಯ ಮೇಲೆ ಖಂಡೇನವಮಿಯ ಆಯುಧಪೂಜೆಯ ವಿಭೂತಿ ಇನ್ನೂ ಅಂಟಿಕೊಂಡಿತ್ತು. ನಿನ್ನೆ ಪೂಜೆಗಿಡಲು ವೈರು ಬಿಚ್ಚಿದವನೂ ಅವನೇ, ಇಂದು ಎದ್ದೊಡನೆ ತಪ್ಪಾಗಿ ಜೋಡಿಸಿದವನೂ ಅವನೇ.

ಬೆಳಿಗ್ಗೆ ಮಾತ್ರ ಓಣಿಗೆಲ್ಲ ಕೇಳುವಂತೆ ಪಕ್ಕದ ಮನೆಯ ಯಲಗೂರಪ್ಪನ ಮೇಲೆ ಹರಿಹಾಯ್ದಿದ್ದ. "ನಿಮ್ಮ ಬೇವಿನ ಟೊಂಗಿ ಬಡದು ನಮ್ಮ ವೈರ್ ಹರದೈತಿ. ನೆರಳ ನಿಮಗ, ತ್ರಾಸ ನಮಗೇನು?" ಆ ಟೊಂಗೆಯ ಕೆಳಗೇ ಹಗ್ಗದ ಹೊರಸು ಹಾಕಿಕೊಂಡು ದಿನ ಕಳೆಯುವ ಮುದುಕ ತಲೆ ಎತ್ತಿ ಟೊಂಗೆಯನ್ನೊಮ್ಮೆ ನೋಡಿದ್ದ.

"ಮಲ್ಲೂ, ಅದೀಯೇನಪಾ?"

ಬಾಗಿಲಲ್ಲಿ ಯಲಗೂರಪ್ಪ ನಿಂತಿದ್ದ, ಕೈಯಲ್ಲಿ ಬನ್ನಿ ಎಲೆ. ದಸರೆಯ ಬನ್ನಿ ಕೊಡಲು ಕಿರಿಯರು ಹಿರಿಯರ ಮನೆಗೆ ಹೋಗಬೇಕು. ಇಲ್ಲಿ ಹಿರಿಯನೇ ಹೊಸ್ತಿಲಿಗೆ ಬಂದಿದ್ದ. "ತಗೋ, ಬಂಗಾರದಂಗ ಇರೂಣು."

"ಕಾಕಾ, ಬೆಳಿಗ್ಗಿ ನಾನು..." ಎನ್ನುತ್ತ ಮಲ್ಲಿನಾಥ ಅವನ ಕಾಲಿಗೆ ಬಗ್ಗಿದ. ಧೋತರದ ಅಂಚಿಗೆ ಹಸಿ ಕಟ್ಟಿಗೆಯ ಪುಡಿ ಮೆತ್ತಿತ್ತು.

ಮುದುಕ ಒಳಗಿನ ಹಸಿರು ದೀಪವನ್ನು ನೋಡಿ ಹಗುರಾದ. "ಹತ್ತಿತಲ್ಲಾ, ಚಲೋ ಆತು. ಆ ಟೊಂಗಿ ಈಗಷ್ಟ ಕಡದು ಹಾಕಿ ಬಂದ್ನಿ. ನೀ ಹೇಳಿದ್ದು ಖರೇನ ಇತ್ತು ನೋಡು."

ಬಗ್ಗಿದ್ದ ಮಲ್ಲಿನಾಥನಿಗೆ ತಲೆ ಎತ್ತಲಾಗಲಿಲ್ಲ.